ಫೆಸ್ಟಿಯ ಚಹಾಕ್ಕೆ ಬೆರೆಸಿದ ಪುಡಿಯ ಬಗ್ಗೆ

ಆರೈಕೆ ಕೇಂದ್ರಗಳ ಮೇಲ್ವಿಚಾರಣಾ ಕಚೇರಿಯ ದೂರು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ಫೆಸ್ಟಿ ಮುಲ್‌ಕೆರಿನ್ ಸಾಯುವ ಮೊದಲು ಒಂದೇ ಒಂದು ಕಪ್ ಮಾಮೂಲಿ ಚಹಾಕ್ಕೆ ಆಸೆಪಟ್ಟ. ನಿಮ್ಮ ಮೇಲ್ವಿಚಾರಣೆಯಲ್ಲಿರುವ ಆರೈಕೆ ಕೇಂದ್ರದಲ್ಲಿ ಅದು ಅವನಿಗೆ ಸಿಗಲಿಲ್ಲ. ಅವನೇ ಬೇಡವೆಂದ ಎಂದು ಅಲ್ಲಿಯ ಕಾಗದದಲ್ಲಿ ಬರೆದಿದೆ. ಬೇಡವೆಂದವನನ್ನು ಇನ್ನೊಮ್ಮೆ ಏಕೆ ಕೇಳಲಿಲ್ಲ ಎಂದು ನಾನು ನಿಮಗೆ ದೂರು ಬರೆದೆ. ಏಳು ವಾರಗಳ ನಂತರ ನಾಲ್ಕು ಪುಟದ ಉತ್ತರ ಬಂತು. ನಾಲ್ಕೂ ಪುಟ ಪುಡಿಯ ಬಗ್ಗೆ! ಲಕ್ವ ಹೊಡೆದವರ ಚಹಾ, ನೀರು, ಹಾಲನ್ನು ಗಟ್ಟಿ ಮಾಡಲು ಬೆರೆಸುವ ಆ ಬಿಳಿ ಪುಡಿಯನ್ನು ಸೂಕ್ಷ್ಮಜೀವಿಗಳಿಂದ ಸಕ್ಕರೆಗೆ ಹುಳಿ ಬರಿಸಿ ತಯಾರಿಸುತ್ತಾರೆ, ಅದರ ಹೆಸರು ಝಾಂಥನ್ ಗೋಂದು, ಸಂಖ್ಯೆ ಇ-415, ಇಡೀ ಯುರೋಪಿನಲ್ಲಿ ಅನುಮತಿ ಇದೆ, ದಿನಕ್ಕೆ ಇಷ್ಟೇ ತಿನ್ನಬೇಕೆಂಬ ಮಿತಿ ಕೂಡ ಬೇಕಿಲ್ಲ ಎಂದೆಲ್ಲ ತಿಳಿಸಿದ್ದೀರಿ. ನನ್ನ ದೂರಿನಲ್ಲಿ ಪುಡಿ ಎಂಬ ಮಾತು ಕಂಡದ್ದೇ ತಡ, ನಿಮ್ಮ ಗುಮಾಸ್ತರು ಅದನ್ನು ಆಹಾರ ಸುರಕ್ಷತೆ ನೋಡಿಕೊಳ್ಳುವ ಮೇಜಿಗೆ ದಾಟಿಸಿಬಿಟ್ಟಿರಬೇಕು. ಗಂಡ ಸತ್ತ ಹೆಂಗಸಿಗೆ ಗೋಂದಿನ ಪಾಠ ಬಂತು. ಪತ್ರದ ಕೊನೆಯಲ್ಲಿ ಇನ್ನೂ ಒಂದು ಸಾಲಿತ್ತು: "ಹೆಚ್ಚಿನ ವಿಚಾರಣೆ ಬೇಡವೆಂದು ದೂರುದಾರರು ದೂರವಾಣಿಯಲ್ಲಿ ತಿಳಿಸಿರುವ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ." ಆ ಸಾಲಿನ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿರುವುದು ಇದು ಇನ್ನೊಂದು ಮೇಜಿಗೆ ದಾಟಿಹೋಗದಿರಲಿ ಎಂದು.

ಗಟ್ಟಿ ಮಾಡುವ ಪದಾರ್ಥಗಳ ಬಗ್ಗೆ ನನಗೆ ಪಾಠ ಹೇಳಿದಿರಲ್ಲ, ಸ್ವಾಮಿ, ನನ್ನ ಬೆನ್ನು ಬಾಗಿದ್ದೇ ಅದರಿಂದ. ಯುರೋಪಿನ ಪಡುವಣ ತುದಿಯ ಕಾನಮಾರಾದ ಈ ಕರಾವಳಿಯಲ್ಲಿ ನಾನೂ ಫೆಸ್ಟಿಯೂ ನಲವತ್ತೊಂದು ವರ್ಷ ಕ್ಯಾರಗೀನ್ ಎಂಬ ಕಡಲಪಾಚಿ ಕಿತ್ತವರು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಕಾದು, ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ಬಂಡೆಗೆ ಕಚ್ಚಿಕೊಂಡ ಆ ಕೆನ್ನೇರಳೆ ಪಾಚಿಯನ್ನು ಬರಿಗೈಯಲ್ಲಿ ಕಿತ್ತು, ಹುಲ್ಲಿನ ಮೇಲೆ ಹರಡಿ, ಮಳೆಗೆ ನೆನೆಸಿ, ಬಿಸಿಲಿಗೆ ಒಣಗಿಸಿ, ದಿನಕ್ಕೆರಡು ಸಲ ಮಗುಚಿ, ಕೆನೆ ಬಣ್ಣಕ್ಕೆ ತಿರುಗಿದ ಮೇಲೆ ಚೀಲಕ್ಕೆ ತುಂಬಿದವರು. ಮನೆಯಲ್ಲಿ ಅದನ್ನು ಹಾಲಿನಲ್ಲಿ ಕುದಿಸಿ ಸೋಸಿಟ್ಟರೆ ತಣಿದು ಗಟ್ಟಿಯಾಗುತ್ತದೆ; ನಮ್ಮ ಮಕ್ಕಳ ಕೆಮ್ಮೆಲ್ಲ ಅದರಲ್ಲೇ ಹೋಯಿತು. ಉಳಿದದ್ದು ಲಾರಿ ಹತ್ತಿ ಎಲ್ಲೋ ಕಾರ್ಖಾನೆಗೆ ಹೋಗಿ, ಚಾಕೊಲೇಟ್ ಹಾಲಿನ ಡಬ್ಬದಲ್ಲಿ, ಹಂದಿಮಾಂಸದ ಹೋಳಿನಲ್ಲಿ, ಹಲ್ಲುಜ್ಜುವ ಪೇಸ್ಟಿನಲ್ಲಿ ಇ-407 ಎಂಬ ಸಂಖ್ಯೆಯಾಗಿ ವಾಪಸ್ ನಮ್ಮ ಅಂಗಡಿಗೇ ಬರುತ್ತಿತ್ತು. ಫೆಸ್ಟಿ ಅಂಗಡಿಯಲ್ಲಿ ಡಬ್ಬ ತಿರುಗಿಸಿ ಕನ್ನಡಕ ಏರಿಸಿ ಓದಿ, "ನೋಡು ಡೆಲಿಯಾ, ನಮ್ಮ ಹುಡುಗ ಓದಿ ದೊಡ್ಡೋನಾಗಿಬಿಟ್ಟಿದಾನೆ, ಈಗ ಹೆಸರು ಹಿಡಿದು ಕರದ್ರೆ ತಿರುಗಿ ನೋಡಲ್ಲ" ಎನ್ನುತ್ತಿದ್ದ. ಅವನ ಮಾತೇ ಹಾಗೆ.

ಹಾಗಾಗಿ ಪುಡಿಯ ಮೇಲೆ ನನಗೆ ಹಗೆಯಿಲ್ಲ. ನಮ್ಮ ಮನೆಯ ಸಾಸ್ ಬಾಟಲಿಯಲ್ಲಿ ನಿಮ್ಮ ಇ-415 ಇದೆ. ನನ್ನ ತಂಗಿಯ ಮಗಳಿಗೆ ಗೋಧಿ ಆಗದು. ಅವಳ ಬ್ರೆಡ್ಡು ಪುಡಿಪುಡಿಯಾಗಿ ಉದುರದೆ ನಿಂತಿರುವುದು ಆ ಗೋಂದಿನಿಂದಲೇ. ಹೆಚ್ಚಾದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಅಷ್ಟೇ. ಅದು ಅಪಾಯ ತರುವುದು ಡಬ್ಬದಿಂದ ಒಣಪುಡಿಯನ್ನೇ ಬಾಯಿಗೆ ಹಾಕಿಕೊಂಡಾಗ; ಗಂಟಲಲ್ಲಿ ಉಬ್ಬಿ ಉಸಿರು ಕಟ್ಟುತ್ತದಂತೆ, ಅದಕ್ಕೇ ಕೇಂದ್ರದಲ್ಲಿ ಡಬ್ಬವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಸರಿಯಾದ ಕೆಲಸವೇ. ಫೆಬ್ರವರಿಯಲ್ಲಿ ಫೆಸ್ಟಿಗೆ ಲಕ್ವ ಹೊಡೆದು ಬಲಗಡೆ ಸೋತಾಗ, ನೀರು ಕುಡಿದರೆ ಅದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಎದೆಗೆ ಸೋಂಕು ಆಗುತ್ತದೆ, ಗಟ್ಟಿ ಮಾಡಿಕೊಟ್ಟರೆ ನಿಧಾನವಾಗಿ ಇಳಿಯುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದರು. ನಾನು ಒಪ್ಪಿದೆ. ಗಟ್ಟಿ ಮಾಡಿದ್ದನ್ನು ಜನ ಮೊದಲಿನಷ್ಟು ಕುಡಿಯುವುದಿಲ್ಲ, ಬಾಯಿ ಒಣಗುತ್ತದೆ, ಪುಡಿಯಿಂದ ಎದೆಯ ಸೋಂಕು ನಿಜವಾಗಿ ಎಷ್ಟು ತಪ್ಪುತ್ತದೆ ಎಂಬುದರಲ್ಲಿ ವೈದ್ಯರೇ ಒಮ್ಮತಕ್ಕೆ ಬಂದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆ ನಿಮ್ಮ ನಾಲ್ಕು ಪುಟಗಳಲ್ಲಿ ಎಲ್ಲೂ ಕಾಣಲಿಲ್ಲ.

ಆದರೆ ಮಾನ್ಯರೇ, ನೀವು ಆ ಚಹಾ ಕುಡಿದು ನೋಡಿದ್ದೀರಾ? ಕಪ್ಪಿಗೆ ಪುಡಿ ಹಾಕಿ, ಕಲಕಿ, ಗಟ್ಟಿಯಾಗಲು ಬಿಟ್ಟು, ಮತ್ತೆ ಕಲಕಿ, ಬಾಯಿಗೆ ತರುವ ಹೊತ್ತಿಗೆ ಅದು ಉಗುರುಬೆಚ್ಚಗಾಗಿರುತ್ತದೆ. ಚಮಚ ಎತ್ತಿದರೆ ಎಳೆಯಾಗಿ ಇಳಿಯುತ್ತದೆ. ದಿನಕ್ಕೆ ಒಂಬತ್ತು ಕಪ್, ಕಡುಗಪ್ಪು ಚಹಾ, ಹಾಲಿನ ಒಂದೇ ಹನಿ, ನಾಲಗೆ ಸುಡುವಷ್ಟು ಬಿಸಿ, ಹಾಗೆ ಕುಡಿದು ಎಪ್ಪತ್ತೆಂಟು ವರ್ಷ ಬದುಕಿದ ಮನುಷ್ಯ ಅವನು. ಮೊದಲ ದಿನ ಒಂದು ಚಮಚ ನುಂಗಿ, ಸೊಟ್ಟಗಾದ ಬಾಯಲ್ಲೇ, "ಗೋಡೆಗೆ ಕಾಗದ ಅಂಟಿಸೋಕೆ ಕರೆಸಿದೀಯಾ ನನ್ನ?" ಎಂದ. ನಾನು ನಕ್ಕೆ. ಎರಡನೇ ತಿಂಗಳಿಗೆ ಅವನು ತಮಾಷೆ ಮಾಡುವುದನ್ನು ಬಿಟ್ಟ. ಚಮಚ ಬಂದರೆ ಬಾಯಿ ತೆರೆಯುತ್ತಿದ್ದ, ಹೋದರೆ ಮುಚ್ಚುತ್ತಿದ್ದ. ತಮಾಷೆ ನಿಂತ ದಿನ ನನಗೆ ಭಯವಾಯಿತು.

ಮೇ ತಿಂಗಳಲ್ಲಿ ವೈದ್ಯರು ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ, ಈಗ ಬೇಕಾದರೆ ಅವರು ಅಪಾಯ ಅರಿತೇ ಮಾಮೂಲಿ ಚಹಾ ಕುಡಿಯಬಹುದು, ಆದರೆ ನಿರ್ಧಾರ ಅವರದೇ ಆಗಬೇಕು, ಮಂಗಳವಾರ ನುಂಗುವುದನ್ನು ಪರೀಕ್ಷಿಸುವ ತಜ್ಞೆ ಬಂದು ಕೇಳುತ್ತಾಳೆ ಎಂದರು. ಆ ಗಳಿಗೆಯಲ್ಲಿ ನನಗಾದ ಸಂತೋಷ ಹೇಳಿದರೆ ನಾಚಿಕೆಯಾಗುತ್ತದೆ. ಗಂಡ ಸಾಯುತ್ತಾನೆ ಎಂಬ ಮಾತಿನ ಜೊತೆಯಲ್ಲೇ ಬಂದ ಸಂತೋಷ ಅದು. ಸೋಮವಾರವೇ ಅಂಗಡಿಗೆ ಹೋಗಿ ಅವನ ಇಷ್ಟದ ಚಹಾಪುಡಿಯ ಹೊಸ ಪೊಟ್ಟಣ ತಂದಿಟ್ಟೆ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ಮರ್ಯಾದೆಯ ವಿಷಯ ಹೇಳಬೇಕು. ರಾಜಧಾನಿಯಲ್ಲಿ ಕುಳಿತ ನಿಮಗೆ ಇದನ್ನು ಹೇಳಿಕೊಡಬೇಕೇ? ನಿಮ್ಮ ಅಜ್ಜಿಯ ಮನೆಯಲ್ಲೂ ಇದೇ ಇದ್ದಿರಬೇಕಲ್ಲ. ಯಾರಾದರೂ ಚಹಾ ಬೇಕೇ ಎಂದರೆ ಮೊದಲ ಸಲಕ್ಕೆ ಹೂಂ ಎನ್ನುವವರು ನಮ್ಮಲ್ಲಿಲ್ಲ. "ಅಯ್ಯೋ ಬೇಡ, ಸುಮ್ನೆ ಯಾಕೆ ತೊಂದ್ರೆ, ಈಗ ತಾನೆ ಕುಡಿದು ಬಂದೆ" ಎನ್ನಬೇಕು. "ಒಂದೇ ಕಪ್ಪು ಕಣ್ರೀ" ಎಂದು ಮನೆಯವರು ಎರಡನೇ ಸಲ ಕೇಳಬೇಕು. "ಇಲ್ಲಪ್ಪ, ಹೊರಟೆ" ಎಂದು ಎದ್ದಂತೆ ಮಾಡಬೇಕು. ಮೂರನೇ ಸಲ ಮನೆಯವರು ಕೇಳುವುದಿಲ್ಲ, ಕಪ್ಪನ್ನು ಕೈಗೇ ಕೊಡುತ್ತಾರೆ. ಆಗ ಕುಳಿತು ಎರಡು ಕಪ್ ಕುಡಿಯಬಹುದು. ಮೊದಲ ಸಲವೇ ಹೂಂ ಎಂದರೆ ಆಸೆಬುರುಕ. ಎರಡನೇ ಸಲ ಕೇಳದಿದ್ದರೆ ಮನೆಯವರು ಜಿಪುಣರು. ಫೆಸ್ಟಿ ನನ್ನನ್ನು ಮದುವೆಗೆ ಕೇಳಿದ್ದೂ ಹಾಗೆಯೇ. ಇಳಿತದ ಹೊತ್ತು, ಇಬ್ಬರ ಕೈಯಲ್ಲೂ ಒದ್ದೆ ಚೀಲ. "ನನ್ನ ಮಾಡ್ಕೊಳ್ತೀಯಾ?" ಎಂದ. "ನಿಂಗೇನು ತಲೆ ಕೆಟ್ಟಿದೆಯಾ?" ಎಂದೆ. ಮುಂದಿನ ಅಮಾವಾಸ್ಯೆಗೆ ಅದೇ ಬಂಡೆಯ ಹತ್ತಿರ ಮತ್ತೆ ಕೇಳಿದ. "ಹೋಗೋ, ಕೆಲಸ ನೋಡು" ಎಂದೆ. ಮೂರನೇ ಸಲ ಅವನು ಕೇಳಲೇ ಇಲ್ಲ. ನನ್ನ ಚೀಲವನ್ನೂ ತನ್ನ ಹೆಗಲಿಗೇರಿಸಿಕೊಂಡು ನಮ್ಮಪ್ಪನ ಮನೆ ಕಡೆ ನಡೆದ. ಅವನು ನಿಮ್ಮ ಕೇಂದ್ರದ ಆ ನಮೂನೆ ಕಾಗದವನ್ನು ಹಿಡಿದುಕೊಂಡು ಬಂದಿದ್ದರೆ ಮೊದಲ ದಿನವೇ "ನಿರಾಕರಿಸಿದ್ದಾರೆ" ಎಂದು ಬರೆದುಕೊಂಡು ಹೋಗಿಬಿಡುತ್ತಿದ್ದ, ನಾನು ಇಂದಿಗೂ ಕುಮಾರಿಯಾಗಿಯೇ ಇರುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ತಜ್ಞೆ ಬಂದಳು. ಹಾಲೆಂಡಿನ ಹುಡುಗಿ, ಇಲ್ಲಿಗೆ ಬಂದು ವರ್ಷವಾಗಿರಲಿಲ್ಲ. ಅವಳ ಹೆಸರು ಬರೆಯುವುದಿಲ್ಲ, ಅವಳ ಮೇಲೆ ನನಗೆ ದೂರಿಲ್ಲ. ಕುರ್ಚಿ ಎಳೆದುಕೊಂಡು ಫೆಸ್ಟಿಯ ಕಣ್ಣಿನ ಮಟ್ಟಕ್ಕೆ ಕುಳಿತು, ಅವಸರ ಮಾಡದೆ, ಎಲ್ಲ ವಿವರಿಸಿದಳು. "ನಿಮಗೆ ಈಗ ಪುಡಿ ಹಾಕದ ಚಹಾ ಕೊಡಬಹುದು. ಅಪಾಯ ಇದೆ. ಆದ್ರೂ ಬೇಕಂದ್ರೆ ನಾವು ಕೊಡ್ತೀವಿ. ನಿಮಗೆ ಬೇಕಾ?" ಎಂದಳು. ಫೆಸ್ಟಿಯ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅವನ ಕಣ್ಣಿನಲ್ಲಿ ಹಳೆಯ ಕಳೆ ಕಂಡೆ. ತೊದಲುತ್ತಲೇ, "ಬೇಡ ಬಿಡಮ್ಮಾ, ನನ್ನೊಬ್ನಿಗೋಸ್ಕರ ನೀವ್ಯಾಕೆ ಇಷ್ಟೆಲ್ಲಾ ಒದ್ದಾಡ್ತೀರಾ, ನಾನು ಹೀಗೇ ಆರಾಮಾಗಿದೀನಿ" ಎಂದ. ಹಾಗೆ ಹೇಳುತ್ತಲೇ ಅವನ ಎಡಗೈ ಹೊದಿಕೆಯಿಂದ ಹೊರಗೆ ಬಂತು, ಕಪ್ಪು ಹಿಡಿಯಲು. ಆ ಕೈಯನ್ನು ನಾನು ನೋಡಿದೆ. ಹುಡುಗಿ ಕಾಗದ ನೋಡುತ್ತಿದ್ದಳು. "ಸರಿ, ನಿಮ್ಮ ಇಷ್ಟ. ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ನಕ್ಕು, ಒಂದು ಚೌಕದಲ್ಲಿ ಗೀಟು ಹಾಕಿ, ಎದ್ದು ಹೋದಳು. ಅವಳ ಊರಿನಲ್ಲಿ ಒಬ್ಬರ ಮಾತನ್ನು ಮೊದಲ ಸಲವೇ ನಂಬುವುದು ಮರ್ಯಾದೆಯಂತೆ. ಅವಳು ಅವನಿಗೆ ಮರ್ಯಾದೆ ಕೊಟ್ಟಳು, ಅವನು ಅವಳಿಗೆ ಮರ್ಯಾದೆ ಕೊಟ್ಟ.

ನೀವು ಕೇಳಬಹುದು, ನೀನು ಪಕ್ಕದಲ್ಲೇ ಇದ್ದೆಯಲ್ಲ, ಏಕೆ ಬಾಯಿ ಬಿಡಲಿಲ್ಲ ಎಂದು. ಕೇಳಿ, ಇದನ್ನು ಕೇಳಲೇಬೇಕು. ನಾನು ಎರಡನೇ ಸಲಕ್ಕಾಗಿ ಕಾಯುತ್ತಿದ್ದೆ. ಅವಳು ಬಾಗಿಲವರೆಗೆ ಹೋಗಿ ತಿರುಗಿ, "ಒಂದೇ ಕಪ್ಪು?" ಎನ್ನುತ್ತಾಳೆ ಎಂದುಕೊಂಡೆ. ಗಂಡಸು ಮರ್ಯಾದೆಗೆ ಬೇಡವೆಂದಾಗ ಹೆಂಡತಿ ನಡುವೆ ಬಾಯಿ ಹಾಕಿ "ಇಲ್ಲ ಇಲ್ಲ, ಅವನಿಗೆ ಬೇಕು" ಎಂದರೆ ಅವನನ್ನು ಆಸೆಬುರುಕನನ್ನಾಗಿ ಮಾಡಿದಂತೆ. ಅಷ್ಟು ವರ್ಷದ ಅಭ್ಯಾಸ ನನ್ನ ಬಾಯಿ ಕಟ್ಟಿತು. ಬಾಗಿಲು ಮುಚ್ಚಿತು. ಫೆಸ್ಟಿ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡ. ನನ್ನ ತಪ್ಪು ಇಷ್ಟು, ಅದನ್ನು ನಿಮ್ಮ ಮೇಲೆ ಹೊರಿಸುತ್ತಿಲ್ಲ.

ಮರುದಿನ ಬೆಳಿಗ್ಗೆ ನರ್ಸುಗಳ ಮೇಜಿಗೆ ಹೋಗಿ ಹೇಳಿದೆ. ಅಲ್ಲಿದ್ದವಳು ನಮ್ಮ ಊರಿನವಳೇ, ಬ್ರೀಜ್. ನಾನು ಬಾಯಿ ತೆರೆದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು, ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ದೇವ್ರೇ, ಒಂದೇ ಸಲ ಕೇಳಿ ಬಿಟ್ಬಿಟ್ಳಾ? ಡೆಲಿಯಕ್ಕಾ, ನಂಗೆ ಗೊತ್ತಾಗತ್ತೆ. ಆದ್ರೆ ನಿರಾಕರಿಸಿದಾರೆ ಅಂತ ಬರೆದಾಗಿದೆ. ನಾನು ಕೊಟ್ಟು ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನ ಕೆಲಸ ಹೋಗತ್ತೆ. ಮತ್ತೆ ಪರೀಕ್ಷೆ ಆಗ್ಬೇಕು, ಅವಳು ಬರೋದು ಮುಂದಿನ ಮಂಗಳವಾರ" ಎಂದಳು. ತಜ್ಞೆಯ ಕಚೇರಿಗೆ ಫೋನು ಮಾಡಿಸಿದೆ. ಹೊಸ ಕೋರಿಕೆಗೆ ಹೊಸ ನಮೂನೆ ತುಂಬಿ ಕಳಿಸಿ ಎಂದರು. ತುಂಬಿ ಕಳಿಸಿದೆವು. ಸ್ವೀಕರಿಸಿದ್ದೇವೆ ಎಂಬ ಉತ್ತರವೂ ಬಂತು. ಅದಕ್ಕೊಂದು ಸಂಖ್ಯೆ ಕೂಡ ಕೊಟ್ಟಿದ್ದರು.

ಶುಕ್ರವಾರ ಫೆಸ್ಟಿ, "ಆ ಹುಡುಗಿ ಮತ್ತೆ ಬರ್ಲಿಲ್ವಾ?" ಎಂದ. "ಮಂಗಳವಾರ ಬರ್ತಾಳೆ" ಎಂದೆ. "ಒಳ್ಳೆ ಹುಡುಗಿ. ಸ್ವಲ್ಪ ಕೈ ಬಿಗಿ" ಎಂದ. ಅದು ಅವನ ಕೊನೆಯ ತಮಾಷೆ. ಶನಿವಾರ ನಾನು ಮನೆಯಲ್ಲಿ ಹೊಸ ಪೊಟ್ಟಣ ಒಡೆದು, ಚಹಾ ಮಾಡಿ, ಫ್ಲಾಸ್ಕಿಗೆ ತುಂಬಿ, ಕೈಚೀಲದಲ್ಲಿ ಬಚ್ಚಿಟ್ಟುಕೊಂಡು ಹೋದೆ. ಹಾಸಿಗೆಯ ತಲೆಯ ಮೇಲೆ "ಪುಡಿ ಬೆರೆಸದ ಯಾವ ದ್ರವವನ್ನೂ ಕೊಡಬಾರದು" ಎಂಬ ಫಲಕ. ಫ್ಲಾಸ್ಕಿನ ಮುಚ್ಚಳಕ್ಕೆ ಎರಡು ಸಲ ಕೈ ಹಾಕಿದೆ. ನನ್ನ ಕೈಯಾರೆ ಕೊಟ್ಟ ಗುಟುಕಿಗೆ ಅವನು ಉಸಿರು ಕಟ್ಟಿ ಹೋದರೆ? ಧೈರ್ಯ ಬರಲಿಲ್ಲ. ಪುಡಿ ಹಾಕಿದ ಚಹಾವನ್ನೇ ಸ್ಪಂಜಿನ ಕಡ್ಡಿಯಲ್ಲಿ ಅದ್ದಿ ತುಟಿಗೆ ಸವರಿದೆ. ಅವನು ಮುಖ ತಿರುಗಿಸಿದ. ಸಂಜೆ ಮನೆಗೆ ಬಂದು ಫ್ಲಾಸ್ಕನ್ನು ಸಿಂಕಿಗೆ ಸುರಿದೆ, ಇನ್ನೂ ಹಬೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆಯ ಗಂಟೆ ಹೊಡೆಯುವ ಹೊತ್ತಿಗೆ ಅವನು ಹೋದ. ಅವನ ತುಟಿ ಒಡೆದಿತ್ತು.

ಅವನನ್ನು ಮನೆಗೆ ತಂದು ಮುಂದಿನ ಕೋಣೆಯಲ್ಲಿ ಮಲಗಿಸಿದೆವು. ಊರೆಲ್ಲ ಬಂತು. ನಮ್ಮ ಕಡೆ ಸಾವಿನ ಮನೆಯಲ್ಲೂ ಬಂದವರಿಗೆ ಚಹಾ ಕೊಡಲೇಬೇಕು; ಅಡುಗೆಮನೆಯಲ್ಲಿ ಕೆಟಲು ಒಲೆಯಿಂದ ಇಳಿಯಲಿಲ್ಲ. ಬಂದವರೆಲ್ಲ ಅವನ ಹಣೆ ಮುಟ್ಟಿ, ನನ್ನ ಕೈ ಹಿಡಿದು, ಚಹಾ ಎಂದ ಕೂಡಲೇ "ಅಯ್ಯೋ ಬೇಡ ಡೆಲಿಯಾ, ಇವತ್ತು ನೀನು ಅದೆಲ್ಲಾ ಹಚ್ಕೋಬೇಡ" ಎನ್ನುವುದು, ನಾನು ಮತ್ತೆ ಕೇಳುವುದು, ಅವರು ಮತ್ತೆ ಬೇಡವೆನ್ನುವುದು, ನಾನು ಕೈಗಿಡುವುದು. ಇಡೀ ಮನೆ ತುಂಬ ಬೇಡ ಬೇಡ ಬೇಡ, ಎಲ್ಲರ ಕೈಯಲ್ಲೂ ಕಪ್ಪು. ಒಬ್ಬನ ಕೈ ಮಾತ್ರ ಜಪಮಾಲೆ ಸುತ್ತಿಕೊಂಡು ಎದೆಯ ಮೇಲಿತ್ತು. ಆ ಹೊತ್ತಿಗೆ ಹಾಲೆಂಡಿನ ಹುಡುಗಿಯೂ ಬಂದಳು, ಮಳೆಯಲ್ಲಿ ಸೈಕಲ್ ತುಳಿದುಕೊಂಡು. ನಾನು "ಚಹಾ ಕೊಡ್ಲಾ?" ಎಂದೆ. ಅವಳು "ಹೂಂ, ಕೊಡಿ" ಎಂದುಬಿಟ್ಟಳು. ಎಲ್ಲರ ತಲೆ ಅವಳತ್ತ ತಿರುಗಿತು. ಅವಳು ಸುತ್ತ ನೋಡಿ, "ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದಳು. ಬ್ರೀಜ್ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಆಮೇಲೆ ಆ ಹುಡುಗಿ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತದ್ದು ನನಗೆ ಮರೆಯುವುದಿಲ್ಲ. "ನಂಗೆ ಯಾರೂ ಹೇಳಿಕೊಡ್ಲಿಲ್ಲಮ್ಮಾ. ನಮೂನೆಯಲ್ಲಿ ಒಂದೇ ಚೌಕ ಇತ್ತು" ಎಂದಳು.

ಮಾನ್ಯರೇ, ನನ್ನ ದೂರು ಆ ಒಂದೇ ಚೌಕದ ಮೇಲೆ. ಪುಡಿ ಎಷ್ಟು ಚಮಚ, ನೀರು ಎಷ್ಟು, ಎಷ್ಟು ಹೊತ್ತು ಬಿಡಬೇಕು, ಚಮಚ ಎತ್ತಿದರೆ ಹೇಗೆ ಇಳಿಯಬೇಕು ಎಂದು ಅಳೆಯಲು ನಿಮ್ಮಲ್ಲಿ ಪುಟಗಟ್ಟಲೆ ನಿಯಮವಿದೆ. ಗಟ್ಟಿತನ ಹೆಚ್ಚೂಕಡಿಮೆಯಾದರೆ ಮತ್ತೆ ಮಾಡಬೇಕೆಂಬ ನಿಯಮವೂ ಇದೆ. ಒಬ್ಬ ಮನುಷ್ಯನ ಕೊನೆಯ ಆಸೆಯನ್ನು ಅಳೆಯುವಾಗ ಮಾತ್ರ ಒಂದು ಚೌಕ, ಒಂದು ಗೀಟು, ಎರಡು ನಿಮಿಷ! ಪುಡಿ ಸುರಕ್ಷಿತವೇ ಎಂದು ನಾನು ಕೇಳಲಿಲ್ಲ, ಅದು ಸುರಕ್ಷಿತವೇ. ಆ ಪುಡಿಯಡಿ ಸಿಕ್ಕಿಕೊಂಡ ಮನುಷ್ಯನ ಮಾತು ಸುರಕ್ಷಿತವಾಗಿದೆಯೇ ಎಂದು ಕೇಳಿದ್ದೆ. ಆ ಕಪ್ಪು ಕೊಟ್ಟಿದ್ದರೆ ಅವನು ಉಳಿಯುತ್ತಿದ್ದನೆಂದು ನಾನು ಹೇಳುವುದಿಲ್ಲ. ಗುರುವಾರವೇ ಹೋಗಿಬಿಡುತ್ತಿದ್ದನೋ ಏನೋ. ಹೋಗಲಿ, ನಾಲಗೆ ಮೇಲೆ ಚಹಾದ ರುಚಿ ಇಟ್ಟುಕೊಂಡು ಹೋಗುತ್ತಿದ್ದ. ಮೂರು ದಿನ ಹೆಚ್ಚು ಬದುಕಿದ್ದಕ್ಕೆ ಅವನಿಗೆ ಸಿಕ್ಕಿದ್ದು ಒಡೆದ ತುಟಿ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಆ ನಮೂನೆಯಲ್ಲಿ ಇನ್ನೂ ಎರಡು ಚೌಕ ಹಾಕಿಸಿ. ಬೇಡವೆಂದವರನ್ನು ಅದೇ ದಿನ ಮತ್ತೊಮ್ಮೆ ಕೇಳಬೇಕು, ಮರುದಿನ ಮೂರನೇ ಸಲ, ಅದೂ ಹಬೆಯಾಡುವ ಕಪ್ಪನ್ನು ಅವರ ಕಣ್ಣೆದುರು ಇಟ್ಟುಕೊಂಡು. ಹತ್ತಿರದ ಊರಿನವರೊಬ್ಬರು, ಬ್ರೀಜಳಂಥವರು, ಪಕ್ಕದಲ್ಲಿರಬೇಕು, ಕಾಗದವನ್ನಲ್ಲ, ಕೈಯನ್ನು ನೋಡಲು. ಮೂರೂ ಸಲ ಬೇಡವೆಂದರೆ ಆಗ ಬರೆದುಕೊಳ್ಳಿ. ಹೊರಗಿನಿಂದ ನಮ್ಮ ಸೇವೆಗೆ ಬರುವ ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿಕೊಡಿ, ಇನ್ನೊಂದು ಹುಡುಗಿ ಯಾರದೋ ಸಾವಿನ ಮನೆಯಲ್ಲಿ ನಿಂತು ಹಾಗೆ ಅಳಬಾರದು.

ಇನ್ನು ಆ ಕೊನೆಯ ಸಾಲು. ಜುಲೈ ಒಂಬತ್ತರಂದು ನಿಮ್ಮ ಕಚೇರಿಯಿಂದ ಫೋನು ಬಂದದ್ದು ನಿಜ. ಸೌಮ್ಯ ದನಿಯ ಒಬ್ಬರು, "ಅಮ್ಮಾ, ನಿಮ್ಮ ದೂರಿನ ಬಗ್ಗೆ ನಮ್ಮ ಮೇಲಧಿಕಾರಿಗಳೇ ಬಂದು ನಿಮ್ಮ ಹತ್ರ ಮಾತಾಡ್ಬೇಕಾ?" ಎಂದು ಕೇಳಿದರು. ನಾನು ಎಂದಿನಂತೆ, "ಅಯ್ಯೋ ಬೇಡಪ್ಪಾ, ಅಷ್ಟು ದೂರದಿಂದ ನೀವ್ಯಾಕೆ ತೊಂದ್ರೆ ತಗೋತೀರಾ" ಎಂದೆ. ಅವರು "ಸರಿ ಅಮ್ಮಾ" ಎಂದು ಫೋನಿಟ್ಟರು. ಅವರು ಇಟ್ಟ ಮೇಲೂ ನಾನು ಬಹಳ ಹೊತ್ತು ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಆಗ ನನ್ನ ಎಡಗೈ ಏನು ಮಾಡುತ್ತಿತ್ತೆಂದು ನಿಮ್ಮವರು ನೋಡುವಂತಿರಲಿಲ್ಲ. ಅದು ಆಗಲೇ ಕಪಾಟಿನಿಂದ ಎರಡು ಕಪ್ಪು ಇಳಿಸಿಟ್ಟಿತ್ತು.

ಇನ್ನೊಮ್ಮೆ ಕೇಳಿ.

ಇಂತಿ,
ಈವರೆಗೆ ಒಂದೇ ಸಲ ಬೇಡವೆಂದಿರುವ
ಡೆಲಿಯಾ ಮುಲ್‌ಕೆರಿನ್